ಮನೆಯಲ್ಲೇ ಸ್ಪಿರುಲಿನಾ: ಕಾಸರಗೋಡಿನ ನೀರು, ಬಿಸಿಲು, ಮಳೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರ ಕಡೆಯಿಂದ ಸ್ಪಿರುಲಿನಾ (ನೀರಿನಲ್ಲಿ ಬೆಳೆಸಿ, ಒಣಗಿಸಿ ತಿನ್ನುವ ಪಾಚಿ) ಬಗ್ಗೆ ಕೇಳುವವರೆಲ್ಲ ಹೆಚ್ಚುಕಮ್ಮಿ ಒಂದೇ ಕಥೆ ಹೇಳುತ್ತಾರೆ. ಮದರ್ ಕಲ್ಚರ್, ಅಂದರೆ ಬೀಜದ ಹಾಗೆ ಬಳಸುವ ಜೀವಂತ ಪಾಚಿ ನೀರು, ತರಿಸಿದ್ದು ಸರಿ, ತೊಟ್ಟಿಗೆ ಸುರಿದದ್ದೂ ಸರಿ. ಮೂರ್ನಾಲ್ಕು ದಿನಕ್ಕೆ ಹಸಿರು ಹೋಗಿ ಹಳದಿ, ವಾರದೊಳಗೆ ಬಿಳಿ ನೊರೆ. ಮತ್ತೆ ತರಿಸುತ್ತಾರೆ, ಮತ್ತೆ ಅದೇ ಪಾಡು. ಕಲ್ಚರ್ ಮಾರಿದವರನ್ನು ಬೈಯುವುದು ಸುಲಭ. ಆದರೆ ಹೆಚ್ಚಿನ ಸಲ ತಪ್ಪಿರುವುದು ಕೆಲಸದ ಕ್ರಮದಲ್ಲಿ.

ಎರಡು ಕಡೆ ನಷ್ಟ ಆಗುತ್ತದೆ. ಒಂದು, ಮೊದಲ ವಾರ: ಸ್ವಲ್ಪ ಕಲ್ಚರನ್ನು ತುಂಬ ನೀರಿಗೆ ಹಾಕಿ ಬಿಸಿಲಿಗೆ ಬಿಡುವುದು. ಇನ್ನೊಂದು, ಕೊಯ್ಲು ಆದ ಮೇಲೆ: ಚೆನ್ನಾಗಿ ಬೆಳೆದದ್ದನ್ನು ಒಣಗಿಸುವಾಗ ಹಾಳು ಮಾಡುವುದು. ಈ ಎರಡು ಹಂತಗಳನ್ನು ಕೆಳಗೆ ಜಾಸ್ತಿ ವಿವರವಾಗಿ ಬರೆದಿದ್ದೇನೆ.

## ಇದರಲ್ಲಿ ಏನಿದೆ, ಏನಿಲ್ಲ

ಸ್ಪಿರುಲಿನಾವನ್ನು ಪಾಚಿ ಅಂತಲೇ ಎಲ್ಲರೂ ಕರೆಯುತ್ತಾರೆ, ಲೆಕ್ಕಕ್ಕೆ ಅದು ನೀಲಿ-ಹಸಿರು ಬ್ಯಾಕ್ಟೀರಿಯಾ. ಒಣಗಿದ ಪುಡಿಯಲ್ಲಿ ಸಾಧಾರಣ 55ರಿಂದ 70 ಶೇಕಡಾ ಪ್ರೋಟೀನ್. ಅದರ ಜೊತೆ ಫೈಕೋಸಯನಿನ್ ಎಂಬ ನೀಲಿ ಬಣ್ಣದ ಪ್ರೋಟೀನ್, ಬೀಟಾ ಕೆರೋಟಿನ್, ಗಾಮಾ ಲಿನೋಲೆನಿಕ್ ಆಮ್ಲ, ಕಬ್ಬಿಣ. ಫೈಕೋಸಯನಿನ್ ಮತ್ತು ಕೆರೋಟಿನ್ ಎರಡಕ್ಕೂ ಬಿಸಿ, ಬೆಳಕು ಆಗುವುದಿಲ್ಲ.

ಸಸ್ಯಾಹಾರಿ ಮನೆಗಳವರು ಒಂದು ಮಾತು ಗಮನಿಸಿ. ಬಿ12 ಸಿಗುತ್ತದೆ ಅಂತ ಇದನ್ನು ಬೆಳೆಸಲು ಹೊರಡಬೇಡಿ. ಸ್ಪಿರುಲಿನಾದಲ್ಲಿರುವ ಬಿ12 ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪದ್ದು. ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ಇದನ್ನು ನಂಬಿ ಬಿಡಬಾರದು.

## ಹಂತ 1: ಕಾಲ ನೋಡಿ ಹೊರಡಿ

ಸ್ಪಿರುಲಿನಾಕ್ಕೆ 30ರಿಂದ 35 ಡಿಗ್ರಿ ಶಾಖ ಹಿತ. 20ಕ್ಕಿಂತ ಕೆಳಗೆ ಬೆಳವಣಿಗೆ ನಿಂತ ಹಾಗೆಯೇ, 38 ದಾಟಿದರೆ ಕಷ್ಟ. ಶಾಖದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಚಿಂತೆ ಇಲ್ಲ. ಚಿಂತೆ ಇರುವುದು ಮಳೆಯದು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುವ ಊರಲ್ಲಿ ಜೂನ್‌ನಲ್ಲಿ ಶುರು ಮಾಡಿದರೆ ಬೆಳಕೂ ಇಲ್ಲ, ಒಣಗಿಸುವ ದಾರಿಯೂ ಇಲ್ಲ.

ತುಲಾ ತಿಂಗಳ ಗುಡುಗು ಮಳೆ ಮುಗಿಯಲಿ. ನವೆಂಬರ್ ಕೊನೆಗೆ ಕಲ್ಚರ್ ತಂದರೆ ಕ್ರಿಸ್ಮಸ್ ಹೊತ್ತಿಗೆ ತೊಟ್ಟಿ ತುಂಬುತ್ತದೆ, ಪತ್ತನಾಜೆವರೆಗೆ (ಮೇ ಕೊನೆಯ ವಾರ) ಕೊಯ್ಲು ಮಾಡಬಹುದು.

## ಹಂತ 2: ನೀರು

ಕಲ್ಚರ್ ತರಿಸುವ ಮೊದಲೇ ನೀರಿನ ತೀರ್ಮಾನ ಆಗಬೇಕು. ಪಾರ್ಸೆಲ್ ಮನೆಗೆ ಬಂದ ಮೇಲೆ ನೀರಿನ ಯೋಚನೆ ಮಾಡುವವರೇ ಜಾಸ್ತಿ.

ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಇದ್ದರೆ ಅದೃಷ್ಟ. ಮೆದು ನೀರು, ಲವಣ ಕಡಿಮೆ. ಬಾವಿ ನೀರೂ ಆಗಬಹುದು. ಕೊಳವೆಬಾವಿಯ ನೀರು ಗಡಸಾಗಿದ್ದರೆ ಅಡುಗೆ ಸೋಡಾ ಹಾಕಿದ ಕೂಡಲೇ ಬಿಳಿ ಮಡ್ಡಿ ಕಟ್ಟಿ ತಳಕ್ಕೆ ಇಳಿಯುತ್ತದೆ. ಕೆಂಪು ಬಣ್ಣ ಬಿಡುವ ನೀರಾದರೆ ಡ್ರಮ್ಮಿನಲ್ಲಿ ಎರಡು ದಿನ ನಿಲ್ಲಿಸಿ, ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ. ನಳ್ಳಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಿಸಿಲಿಗೆ ತೆರೆದಿಡಿ. ಉಪ್ಪಳ, ಮಂಜೇಶ್ವರದ ಕಡಲ ಬದಿಯವರು "ಹೇಗೂ ಉಪ್ಪು ಹಾಕಬೇಕಲ್ವಾ" ಅಂತ ಉಪ್ಪು ನೀರಿನ ಬಾವಿಯನ್ನೇ ಬಳಸುವುದು ಬೇಡ. ಸಮುದ್ರದ ನೀರಿನ ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ ಸೋಡಾದ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ.

ಈಗ ನಮ್ಮೂರಿನ ದೊಡ್ಡ ಶತ್ರು: ಮೈಲುತುತ್ತು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನಲ್ಲಿ ಇರುವುದು ತಾಮ್ರ, ಮತ್ತು ತಾಮ್ರ ಪಾಚಿಗೆ ವಿಷ. ಕೆರೆಯ ಪಾಚಿ ಕೊಲ್ಲಲಿಕ್ಕೆ ಮೈಲುತುತ್ತನ್ನೇ ಬಳಸುತ್ತಾರೆ. ಮದ್ದು ಕಲಸಿದ ಡ್ರಮ್ಮು, ಬಕೆಟು, ಪೈಪು ಎಷ್ಟೇ ತೊಳೆದರೂ ಈ ಕೆಲಸಕ್ಕೆ ಬೇಡ. ತೊಟ್ಟಿ ಅಡಿಕೆ ಮರದ ಬುಡದಲ್ಲೂ ಬೇಡ, ಮರದಿಂದ ತೊಟ್ಟಿಕ್ಕುವ ಹನಿ ಸಾಕು. ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆಗಳನ್ನೂ ದೂರ ಇಡಿ.

ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟ ಜಿಲ್ಲೆ ನಮ್ಮದು. ಅಂಥ ಗುಡ್ಡದ ಬುಡದಲ್ಲಿರುವವರು ನೀರನ್ನು ಒಮ್ಮೆ ಲ್ಯಾಬಿಗೆ ಕೊಟ್ಟು ಕೀಟನಾಶಕದ ಅಂಶ, ಸೀಸ, ಆರ್ಸೆನಿಕ್ ನೋಡಿಸಿಕೊಳ್ಳಿ. ಸ್ಪಿರುಲಿನಾ ನೀರಿನಲ್ಲಿರುವ ಭಾರಲೋಹಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ.

## ಹಂತ 3: ತೊಟ್ಟಿ ಮತ್ತು ಮಾಡು

ಮೊದಲ ವರ್ಷಕ್ಕೆ 2 ಮೀಟರ್ ಉದ್ದ, 1 ಮೀಟರ್ ಅಗಲ ಸಾಕು. ನೀರು 15 ಸೆಂಟಿಮೀಟರ್ ನಿಂತರೆ 300 ಲೀಟರ್ ಆಯಿತು. ಆಳ ಜಾಸ್ತಿ ಮಾಡಿದರೆ ಪಾಚಿ ಜಾಸ್ತಿ ಬರುವುದಿಲ್ಲ, ಬೆಳಕು ತಳಕ್ಕೆ ಹೋಗುವುದಿಲ್ಲ ಅಷ್ಟೇ.

ನೆಲ ಸಮ ಮಾಡಿ, ತೆಳ್ಳಗೆ ಹೊಯಿಗೆ ಹಾಸಿ, ಸುತ್ತ ಒಂದು ಸಾಲು ಕೆಂಪುಕಲ್ಲು ಇಡಿ. ಅದರ ಮೇಲೆ ಹೊಸ ಸಿಲ್ಪಾಲಿನ್ ಹಾಳೆ. ಹಳೆಯ ಟರ್ಪಾಲು ಬೇಡ. ಮೂಲೆಗಳನ್ನು ಗುಂಡಗೆ ಮಡಚಿ, ಇಲ್ಲದಿದ್ದರೆ ಕೆಸರು ಅಲ್ಲೇ ಕೂತು ಕೊಳೆಯುತ್ತದೆ.

ಮೇಲೆ ಇಳಿಜಾರಾಗಿ ಪಾರದರ್ಶಕ ಯುವಿ ಶೀಟು, ನಾಲ್ಕು ಬದಿಗೆ ಸೊಳ್ಳೆ ಪರದೆ. ಶೀಟಿನ ಕೆಳಗೆ ಬೇಕೆಂದಾಗ ಎಳೆಯುವ ಹಾಗೆ 50 ಶೇಕಡಾದ ನೆರಳು ಬಲೆ ಕಟ್ಟಿ. ಈ ಬಲೆಯೇ ನಿಮ್ಮ ಮುಖ್ಯ ಉಪಕರಣ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೇಲಿ ಹಾಕದೆ ನೀರು ತುಂಬಬೇಡಿ. ನೀರು ಒಂದು ಗೇಣು ಇದ್ದರೂ ಅಪಾಯವೇ.

ಉಳಿದ ಸಾಮಾನು: ಗ್ರಾಂ ತೋರಿಸುವ ತಕ್ಕಡಿ, ಥರ್ಮಾಮೀಟರ್, ಪಿಎಚ್ ಮೀಟರ್ (ನೀರಿನ ಹುಳಿ-ಕ್ಷಾರ ಅಳೆಯಲು), ಹೊಸ ಪ್ಲಾಸ್ಟಿಕ್ ಹಿಡಿಸೂಡಿ, ಸ್ಕ್ರೀನ್ ಪ್ರಿಂಟಿಂಗಿಗೆ ಬಳಸುವ 300ರಿಂದ 350 ಮೆಶ್‌ನ ನೈಲಾನ್ ಬಟ್ಟೆ. ಅಳತೆ ಸರಿಹೊಂದಿಸಲು ಪಿಎಚ್ ಮೀಟರಿನ ಜೊತೆ ಬರುವ ಬಫರ್ ಪುಡಿ ಹೆಚ್ಚಾಗಿ 4 ಮತ್ತು 7ರದ್ದು. ನಮಗೆ 10ರ ಬಫರ್ ಪುಡಿಯೂ ಬೇಕು, ಕೇಳಿ ತರಿಸಿ. ಅಕ್ವೇರಿಯಂ ಅಂಗಡಿಯ ಪಿಎಚ್ ಕಿಟ್ ಇಲ್ಲಿ ಕೆಲಸಕ್ಕೆ ಬಾರದು, ಅದರ ಅಳತೆ ನಮಗೆ ಬೇಕಾದಷ್ಟು ಮೇಲೆ ಹೋಗುವುದಿಲ್ಲ.

ಒಂದು ಸಾಧನ ನೀವೇ ಮಾಡಬೇಕು. ಸಪೂರ ಕೋಲಿನ ತುದಿಗೆ ಬಿಳಿ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ, ಮುಚ್ಚಳದಿಂದ ಮೇಲಕ್ಕೆ ಸೆಂಟಿಮೀಟರ್ ಗುರುತು ಹಾಕಿ. ಇದನ್ನು ನೀರಿಗೆ ಇಳಿಸಿದಾಗ ಮುಚ್ಚಳ ಎಷ್ಟು ಆಳಕ್ಕೆ ಕಾಣದಾಗುತ್ತದೋ ಅದೇ ಕಲ್ಚರಿನ ದಪ್ಪದ ಅಳತೆ. ಮುಂದೆ ಇದನ್ನು ಅಳತೆಕೋಲು ಅನ್ನುತ್ತೇನೆ.

## ಹಂತ 4: ಪೋಷಕ ದ್ರಾವಣ

300 ಲೀಟರಿಗೆ ಬೇಕಾದ್ದು:

- ಅಡುಗೆ ಸೋಡಾ 2.4 ಕಿಲೋ
- ಕಲ್ಲುಪ್ಪು 1.5 ಕಿಲೋ
- ಪೊಟ್ಯಾಸಿಯಂ ನೈಟ್ರೇಟ್ (ತೋಟದವರಿಗೆ ಗೊತ್ತಿರುವ 13-0-45) 600 ಗ್ರಾಂ
- ಪೊಟ್ಯಾಸಿಯಂ ಸಲ್ಫೇಟ್ 150 ಗ್ರಾಂ
- ಮ್ಯಾಗ್ನೀಷಿಯಂ ಸಲ್ಫೇಟ್ 60 ಗ್ರಾಂ
- ಮೋನೋ ಅಮೋನಿಯಂ ಫಾಸ್ಫೇಟ್ (12-61-0) 30 ಗ್ರಾಂ
- ಫೆರಸ್ ಸಲ್ಫೇಟ್ 3 ಗ್ರಾಂ

ನೀರಿನಲ್ಲಿ ಪೂರ್ತಿ ಕರಗುವ ದರ್ಜೆಯ, ಸೀಲ್ ಇರುವ ಪ್ಯಾಕೆಟೇ ಬೇಕು. ತೋಟಕ್ಕೆ ಹಾಕುವ ಹರಳು ಗೊಬ್ಬರದಲ್ಲಿ ಏನೇನು ಕಲ್ಮಶ ಇರುತ್ತದೋ, ಅದೆಲ್ಲ ಕೊನೆಗೆ ನಿಮ್ಮ ಬಟ್ಟಲಿಗೇ ಬರುತ್ತದೆ.

ಹಾಕುವ ಕ್ರಮ ಹೀಗೆ. ಮೊದಲು ಸೋಡಾ, ಅದು ಕರಗಿದ ಮೇಲೆ ಉಪ್ಪು, ಆಮೇಲೆ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಸಲ್ಫೇಟ್. ಮ್ಯಾಗ್ನೀಷಿಯಂ ಮತ್ತು ಫಾಸ್ಫೇಟನ್ನು ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದಾದ ಮೇಲೆ ಒಂದು ನಿಧಾನಕ್ಕೆ ಸೇರಿಸಿ. ಎರಡನ್ನೂ ಗಟ್ಟಿಯಾಗಿ ಒಟ್ಟಿಗೆ ಕಲಸಿದರೆ ಮಡ್ಡಿ ಕಟ್ಟುತ್ತದೆ. ಕಬ್ಬಿಣ ಕೊನೆಗೆ: ಫೆರಸ್ ಸಲ್ಫೇಟನ್ನು ಒಂದು ಲೋಟ ನೀರಿನಲ್ಲಿ ಅರ್ಧ ಲಿಂಬೆಹಣ್ಣಿನ ರಸದ ಜೊತೆ ಕರಗಿಸಿ ಹಾಕಿ. ಲಿಂಬೆ ಇಲ್ಲದೆ ಸುಮ್ನೆ ಸುರಿದರೆ ಕ್ಷಾರದ ನೀರಿನಲ್ಲಿ ತುಕ್ಕಾಗಿ ತಳ ಸೇರುತ್ತದೆ, ಪಾಚಿಗೆ ಸಿಗುವುದಿಲ್ಲ.

ಯೂರಿಯಾ ಮನೆಯಲ್ಲೇ ಇರುತ್ತದೆ, ಅಗ್ಗವೂ ಹೌದು. ಆದರೆ ಕ್ಷಾರದ ನೀರಿನಲ್ಲಿ ಅದು ಅಮೋನಿಯಾ ಆಗುತ್ತದೆ, ಸ್ವಲ್ಪ ಹೆಚ್ಚಾದರೂ ಇಡೀ ತೊಟ್ಟಿ ಒಂದೇ ರಾತ್ರಿಗೆ ಹೋಗುತ್ತದೆ. ಹೊಸಬರು ಮುಟ್ಟದಿರುವುದೇ ಒಳ್ಳೆಯದು.

ಗಮನಿಸಿ: ಈಗ 300 ಲೀಟರ್ ಒಟ್ಟಿಗೆ ಮಾಡಬೇಕಾಗಿಲ್ಲ. ಮೊದಲ ವಾರಕ್ಕೆ ಇದೇ ಪ್ರಮಾಣದಲ್ಲಿ 30 ಲೀಟರ್ ಮಾಡಿದರೆ ಸಾಕು. ಯಾಕೆ ಅಂತ ಮುಂದಿನ ಹಂತದಲ್ಲಿದೆ.

## ಹಂತ 5: ಕಲ್ಚರ್ ಬೆಳೆಸುವುದು (ಹೆಚ್ಚಿನವರು ಸೋಲುವುದು ಇಲ್ಲಿ)

ಕಲ್ಚರನ್ನು ನಂಬಿಕೆ ಇರುವ ಲ್ಯಾಬಿನಿಂದ ಅಥವಾ ಬೆಳೆಗಾರರಿಂದ ತನ್ನಿ. ಮಕ್ಕಳ ಶಾಲೆಯ ಮೈಕ್ರೋಸ್ಕೋಪ್ ಸಿಕ್ಕಿದರೆ ಒಂದು ಹನಿ ನೋಡಿ. ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಎಳೆಗಳು ಕಾಣಬೇಕು. ಉರುಟು ಚುಕ್ಕಿಗಳೇ ತುಂಬಿದ್ದರೆ ಅದು ಬೇರೇನೋ.

ದೇವಸ್ಥಾನದ ಕೆರೆಯಲ್ಲೋ ತೋಟದ ಮದಗದಲ್ಲೋ ಹಸಿರು ಕಟ್ಟಿದ ನೀರು ತಂದು ಬೆಳೆಸಬಹುದಾ ಅಂತ ಕೇಳುವವರಿದ್ದಾರೆ. ಖಂಡಿತ ಬೇಡ. ಅಂಥ ಕೆನೆಯಲ್ಲಿ ಮೈಕ್ರೋಸಿಸ್ಟಿಸ್ ಎಂಬ ವಿಷಕಾರಿ ನೀಲಿ-ಹಸಿರು ಬ್ಯಾಕ್ಟೀರಿಯಾ ಇರಬಹುದು. ಅದರ ವಿಷ ಯಕೃತ್ತಿಗೇ (ಲಿವರ್) ಹೊಡೆತ, ಕುದಿಸಿದರೂ ಹೋಗುವುದಿಲ್ಲ.

5 ಲೀಟರ್ ಕಲ್ಚರ್ ಬಂತು ಅಂತ ಇಟ್ಟುಕೊಳ್ಳಿ. ಅದನ್ನು ನೇರ 300 ಲೀಟರಿಗೆ ಸುರಿದರೆ ನೀರು ತೆಳ್ಳಗೆ ತಿಳಿಹಸಿರು ಆಗುತ್ತದೆ. ದಪ್ಪ ಕಲ್ಚರಿನಲ್ಲಿ ಮೇಲಿನ ಎಳೆಗಳು ಕೆಳಗಿನವಕ್ಕೆ ನೆರಳು ಕೊಡುತ್ತವೆ. ತೆಳು ನೀರಿನಲ್ಲಿ ಪ್ರತಿ ಎಳೆಗೂ ಪೂರ್ತಿ ಬಿಸಿಲು. ಅಷ್ಟು ಬೆಳಕನ್ನು ಬಳಸಲು ಅದಕ್ಕೆ ಆಗುವುದಿಲ್ಲ, ಬಣ್ಣವೇ ಸುಟ್ಟು ಹೋಗುತ್ತದೆ. ಮಕರ ತಿಂಗಳ ತಂಪು ಬೆಳಿಗ್ಗೆ ಇದು ಇನ್ನೂ ಬೇಗ ಆಗುತ್ತದೆ: ನೀರು ತಣ್ಣಗೆ, ಬಿಸಿಲು ಮಾತ್ರ ಚುರುಕು. ಮೂರನೇ ದಿನದ ಹಳದಿಗೆ ಇದೇ ಕಾರಣ.

ಹಾಗಾಗಿ ದುಪ್ಪಟ್ಟು ಮಾಡುತ್ತಾ ಹೋಗಿ:

1. ಬಿಳಿ ಬಕೆಟಿನಲ್ಲಿ 5 ಲೀಟರ್ ಕಲ್ಚರಿಗೆ 5 ಲೀಟರ್ ಹೊಸ ದ್ರಾವಣ ಸೇರಿಸಿ. ಎರಡರ ಶಾಖವೂ ಹೆಚ್ಚುಕಮ್ಮಿ ಒಂದೇ ಇರಲಿ. ಜಗಲಿಯ ನೆರಳಿನಲ್ಲಿ, ಬೆಳಕು ಬೀಳುವ ಕಡೆ ಇಡಿ.
2. ದಿನಕ್ಕೆ ನಾಲ್ಕೈದು ಸಲ ಮೆಲ್ಲಗೆ ಕದಡಿ. ಅಕ್ವೇರಿಯಂನ ಗಾಳಿ ಪಂಪ್ ಇದ್ದರೆ ಹಗಲು ಬಿಡಿ. ನೀರೆತ್ತುವ ಪಂಪಿನಿಂದ ತಿರುಗಿಸಬೇಡಿ, ಅದರ ರೆಕ್ಕೆಗೆ ಎಳೆಗಳು ತುಂಡಾಗುತ್ತವೆ.
3. ಅಳತೆಕೋಲು 3 ಸೆಂಟಿಮೀಟರಿಗೆ ಮಾಯವಾಗುವವರೆಗೆ ಕಾಯಿರಿ. ಎಲ್ಲ ಸರಿ ಇದ್ದರೆ ಮೂರು ನಾಲ್ಕು ದಿನ. ಆಮೇಲೆ 10ನ್ನು 20 ಮಾಡಿ, 20ನ್ನು 40.
4. 40 ಲೀಟರ್ ಆದ ಮೇಲೆ ತೊಟ್ಟಿಗೆ ಬರಬಹುದು. ತೊಟ್ಟಿಯ ಒಂದು ಮೂಲೆಯನ್ನು ಹಾಳೆಯ ಕೆಳಗೆ ಕಲ್ಲು ಕೊಟ್ಟು ತಡೆದು, ಅಷ್ಟರಲ್ಲೇ ಬೆಳೆಸಿ. ನೆರಳು ಬಲೆ ಎಳೆದೇ ಇರಲಿ.
5. ಪ್ರತಿ ಸಲ ದುಪ್ಪಟ್ಟು ಮಾತ್ರ. ಹೊಸ ದ್ರಾವಣ ಹಾಕಿದ ಮೇಲೆ ಅಳತೆಕೋಲು 5–6 ಸೆಂಟಿಮೀಟರಿಗಿಂತ ಕೆಳಗೂ ಕಾಣುತ್ತಿದ್ದರೆ ಜಾಸ್ತಿ ಹಾಕಿದ್ದೀರಿ ಅಂತ ಅರ್ಥ. ಬಲೆಯನ್ನು ಎರಡು ಪದರ ಮಾಡಿ, ಕಾಯಿರಿ.

ಹೀಗೆ ಮೂರು ವಾರದ ಆಸುಪಾಸಿನಲ್ಲಿ 300 ಲೀಟರ್ ತುಂಬುತ್ತದೆ. ಅವಸರ ಮಾಡಿದವರು ಅದೇ ಮೂರು ವಾರದಲ್ಲಿ ಎರಡು ಸಲ ಕಲ್ಚರ್ ತರಿಸಿರುತ್ತಾರೆ.

## ಹಂತ 6: ದಿನದ ಕೆಲಸ

ಬೆಳಿಗ್ಗೆ ಶಾಖ, ಪಿಎಚ್, ಅಳತೆಕೋಲು, ಈ ಮೂರನ್ನೂ ಪುಸ್ತಕದಲ್ಲಿ ಬರೆದಿಡಿ. ದಿನಕ್ಕೆ ಐದಾರು ಸಲ ಹಿಡಿಸೂಡಿಯಿಂದ ತಳದವರೆಗೆ ಕದಡಿ. ಆವಿಯಾದ ನೀರನ್ನು ಸಂಜೆ, ನಿಧಾನವಾಗಿ, ಸಾದಾ ನೀರಿನಿಂದ ತುಂಬಿಸಿ.

ಪಿಎಚ್ ಶುರುವಿನಲ್ಲಿ 8.5ರ ಹತ್ತಿರ ಇದ್ದು, ಬೆಳೆದ ಹಾಗೆ ತಾನೇ ಏರುತ್ತದೆ. 9.5ರಿಂದ 10.5 ಒಳ್ಳೆಯ ಮಟ್ಟ. ಇಷ್ಟು ಕ್ಷಾರದಲ್ಲಿ ಬೇರೆ ಪಾಚಿಗಳು ತಲೆ ಎತ್ತುವುದು ಕಷ್ಟ, ಅದೇ ನಮಗೆ ರಕ್ಷಣೆ. 10.5 ದಾಟಿದರೆ 150 ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕಿ.

ಅಪಾಯದ ಗುರುತುಗಳು:

ಹಳದಿ ಬಣ್ಣ. ತೆಳು ಕಲ್ಚರ್ ಆಗಿದ್ದರೆ ಬಿಸಿಲು ಜಾಸ್ತಿ, ನೆರಳು ಕೊಡಿ. ದಪ್ಪ ಇದ್ದೂ ಹಳದಿ ಆದರೆ ಸಾರಜನಕ ಮುಗಿದಿದೆ, ನೈಟ್ರೇಟ್ ಹಾಕಿ.

ನೀರಿಗೇ ನೀಲಿ ಛಾಯೆ, ನೊರೆಯೂ ನೀಲಿ. ಎಳೆಗಳು ಒಡೆದು ಫೈಕೋಸಯನಿನ್ ಹೊರಗೆ ಬರುತ್ತಿದೆ. ಮಳೆ ನೀರು ಬಿದ್ದಿದೆಯೋ, ಒಮ್ಮೆಲೇ ಸಾದಾ ನೀರು ಸುರಿದಿರೋ ನೋಡಿ. ಇದನ್ನು ಕೊಯ್ದು ತಿನ್ನಬೇಡಿ.

ಬಟ್ಟೆಯಲ್ಲಿ ಸೋಸಿದ ನೀರು ಹಸಿರಾಗಿಯೇ ಇಳಿಯುವುದು. ಬೇರೆ ಸಣ್ಣ ಪಾಚಿ ಸೇರಿಕೊಂಡಿದೆ. ಬಟ್ಟೆಯಲ್ಲಿ ಉಳಿದ ಎಳೆಗಳನ್ನು ಹೊಸ ದ್ರಾವಣಕ್ಕೆ ಹಾಕಿ, ಹಳೆಯ ನೀರು ಚೆಲ್ಲಿ.

ಕೊಳೆತ ವಾಸನೆ. ತಳದ ಕೆಸರು. ಕದಡುವುದನ್ನು ನಿಲ್ಲಿಸಿ, ಪೈಪಿನಿಂದ ಕೆಸರು ಎಳೆದು ತೆಗೆಯಿರಿ. ಅಮೋನಿಯಾ ಘಾಟು ಬಂದರೆ ಅದು ಬೇರೆ ಕಾಯಿಲೆ: ಪರದೆ ತೆರೆದು, ಚೆನ್ನಾಗಿ ಕದಡಿ ಗಾಳಿ ಆಡಿಸಿ.

ಬೆಳಿಗ್ಗೆ ಹಸಿರೆಲ್ಲ ಮೇಲೆ ಪದರ ಕಟ್ಟಿದ್ದರೆ ಹೆದರಬೇಡಿ. ಸ್ಪಿರುಲಿನಾ ತೇಲುವ ಜಾತಿಯದ್ದು.

## ಹಂತ 7: ಕೊಯ್ಲು

ಅಳತೆಕೋಲು 2 ಸೆಂಟಿಮೀಟರಿಗೆ ಮಾಯವಾದರೆ ಕೊಯ್ಲಿಗೆ ಬಂತು. ಬೆಳಿಗ್ಗೆ ಎಂಟರ ಒಳಗೆ ಮುಗಿಸಿ, ಆಗ ಪ್ರೋಟೀನ್ ಪಾಲು ಜಾಸ್ತಿ, ನೀರೂ ತಂಪು. ತೊಟ್ಟಿಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸೋಸಬೇಡಿ.

ಮೊದಲು ಸ್ಟೀಲಿನ ಚಹಾ ಸೋಸುವ ಜಾಲರಿ ಇಟ್ಟು ಹುಳು, ಎಲೆ ತೆಗೆಯಿರಿ, ಕೆಳಗೆ ನೈಲಾನ್ ಬಟ್ಟೆ. ಇಳಿದ ನೀರು ವಾಪಸ್ ತೊಟ್ಟಿಗೆ. ಬಟ್ಟೆಯಲ್ಲಿ ಉಳಿಯುವುದು ಕಡು ಹಸಿರಿನ ಗಟ್ಟಿ ಲೇಹ್ಯ. ಅದಕ್ಕೆ ಚಿಟಿಕೆ ಉಪ್ಪು ಹಾಕಿದ ಶುದ್ಧ ನೀರನ್ನು ಒಮ್ಮೆ ಸುರಿದು ಕೂಡಲೇ ಇಳಿಸಿ. ಸಾದಾ ನೀರಿನಲ್ಲಿ ತುಂಬ ಹೊತ್ತು ತೊಳೆದರೆ ಎಳೆ ಒಡೆದು ನೀಲಿ ಎಲ್ಲ ಹರಿದು ಹೋಗುತ್ತದೆ.

ಆಮೇಲೆ ಬಟ್ಟೆ ಮಡಚಿ, ಎರಡು ಮಣೆಗಳ ನಡುವೆ ಇಟ್ಟು, ಮೇಲೆ ಭಾರ. ಮೊದಲು ಸಣ್ಣ ಕಲ್ಲು, ಹತ್ತು ನಿಮಿಷ ಬಿಟ್ಟು ದೊಡ್ಡದು. ಒಮ್ಮೆಲೇ ಭಾರ ಹೇರಿದರೆ ಬಟ್ಟೆಯ ಕಣ್ಣಿನಿಂದ ಹಸಿರು ಉಕ್ಕುತ್ತದೆ. ಸರಿಯಾಗಿ ಹಿಂಡಿದ ಮುದ್ದೆ ಬಟ್ಟೆಗೆ ಅಂಟದೆ ಹಾಳೆಯ ಹಾಗೆ ಎದ್ದು ಬರುತ್ತದೆ, ಬೆರಳಿನಿಂದ ಒತ್ತಿದರೆ ನೀರು ಕಾಣುವುದಿಲ್ಲ. ಸಾಬೂನಿನ ರುಚಿ ಬಂದರೆ ಹಿಂಡಿದ್ದು ಸಾಲದು.

2 ಚದರ ಮೀಟರ್ ತೊಟ್ಟಿಯಿಂದ ದಿನಕ್ಕೆ ಸರಾಸರಿ 10 ಗ್ರಾಂ ಒಣ ತೂಕ ಸಿಕ್ಕಿದರೆ ಚೆನ್ನಾಗಿ ನಡೆಯುತ್ತಿದೆ ಅಂತ. ಮನೆ ಮಂದಿಗೆ ಸಾಕು, ವ್ಯಾಪಾರಕ್ಕಲ್ಲ. ತೆಗೆದದ್ದಕ್ಕೆ ತಕ್ಕ ಗೊಬ್ಬರ ವಾಪಸ್ ಕೊಡಿ: 50 ಗ್ರಾಂ ಒಣ ಸ್ಪಿರುಲಿನಾಕ್ಕೆ 40ರಿಂದ 50 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 2–3 ಗ್ರಾಂ ಫಾಸ್ಫೇಟ್, ಚಿಟಿಕೆ ಮ್ಯಾಗ್ನೀಷಿಯಂ.

## ಹಂತ 8: ಒಣಗಿಸುವುದು

ಹಸಿ ಮುದ್ದೆ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಹೊರಗೆ ಕೆಲವೇ ಗಂಟೆ. ಹಾಗಾಗಿ ಕೊಯ್ದ ದಿನವೇ ಒಣಗಿಸುವ ಏರ್ಪಾಡು ಇರಬೇಕು.

ಮುದ್ದೆಯನ್ನು ಸೇಮಿಗೆ ಒರಳಿಗೆ ಹಾಕಿ, ಬಲೆಯ ತಟ್ಟೆ ಮೇಲೆ ತೆಳ್ಳಗೆ ಒತ್ತಿ. ಎಳೆ 2 ಮಿಲಿಮೀಟರಿಗಿಂತ ದಪ್ಪ ಬೇಡ. ಹಿತ್ತಾಳೆ ಒರಳು ಬಿಟ್ಟು ಸ್ಟೀಲಿನದ್ದು ಬಳಸಿ.

ಹಲಸು, ಬಾಳೆಹಣ್ಣು ಒಣಗಿಸುವ ಕರೆಂಟ್ ಡ್ರೈಯರ್ ಇದ್ದರೆ 50–55 ಡಿಗ್ರಿಗೆ ಇಡಿ, ಐದಾರು ಗಂಟೆ. ಅಡಿಕೆ ಒಣಗಿಸುವ ಸೋಲಾರ್ ಗೂಡೂ ಆಗುತ್ತದೆ, ಎರಡು ಷರತ್ತು ಮೇಲೆ. ತಟ್ಟೆಗಳ ಮೇಲೆ ಕಪ್ಪು ಬಟ್ಟೆ ತಾಗದ ಹಾಗೆ ಎಳೆಯಬೇಕು, ಇಲ್ಲದಿದ್ದರೆ ಬಿಸಿಲಿಗೆ ಕೆರೋಟಿನ್ ಹೋಗುತ್ತದೆ. ಒಳಗೆ ಥರ್ಮಾಮೀಟರ್ ತೂಗಿಸಿ, 60 ಮುಟ್ಟಿದರೆ ಬಾಗಿಲು ತೆರೆಯಬೇಕು. ಕೊಬ್ಬರಿಯ ಹೊಗೆಗೂಡಿಗೆ ಮಾತ್ರ ಇಡಬೇಡಿ, ಹೊಗೆಯ ಮಸಿ ಪೂರ್ತಿ ಹಿಡಿದುಕೊಳ್ಳುತ್ತದೆ.

ಎಳೆ ಮುರಿದರೆ ಚಟ್ ಅನ್ನಬೇಕು. ಬಾಗಿದರೆ ಆಗಿಲ್ಲ. ಸಂಜೆಗೆ ಮೆತ್ತಗಿದ್ದು, ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಮತ್ತೆ ಒಣಗಿಸಿದ್ದು ಕೆಟ್ಟ ಮೀನಿನ ವಾಸನೆ ಬರುತ್ತದೆ, ಅದನ್ನು ಎಸೆಯಿರಿ. ಒಣಗಿದ್ದನ್ನು ಪುಡಿ ಮಾಡದೆ ಎಳೆಯಾಗಿಯೇ ಗಾಳಿ ಆಡದ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ. ನಮ್ಮ ಕರಾವಳಿಯ ತೇವಕ್ಕೆ ಪುಡಿ ಬೇಗ ಗಂಟು ಕಟ್ಟುತ್ತದೆ.

ಒಣಗಿಸಿದ್ದು ಸರಿಯಾಯಿತೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ. ಕಾಲು ಚಮಚ ಪುಡಿಯನ್ನು ಅರ್ಧ ಲೋಟ ತಣ್ಣೀರಿಗೆ ಹಾಕಿ, ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹಸಿರು ಕೆಳಗೆ ಕೂತು ಮೇಲೆ ತಿಳಿ ನೀಲಿ ನಿಂತಿರಬೇಕು. ಕತ್ತಲೆ ಕೋಣೆಯಲ್ಲಿ ಲೋಟದ ಬದಿಯಿಂದ ಟಾರ್ಚ್ ಹಿಡಿದರೆ ಆ ನೀಲಿಯೊಳಗೆ ಕೆಂಪು ಹೊಳಪು ಕಾಣುತ್ತದೆ, ಫೈಕೋಸಯನಿನ್‌ನ ಗುಣವೇ ಅದು. ನೀರು ಕಂದು ಅಥವಾ ಮಾಸಲು ಹಸಿರಾಗಿದ್ದರೆ ಶಾಖ ಜಾಸ್ತಿ ಆಗಿದೆ.

## ಹಂತ 9: ತಿನ್ನುವುದು, ಕೊಡುವುದು

ದಿನಕ್ಕೆ 1 ಗ್ರಾಂನಿಂದ ಶುರು ಮಾಡಿ, ದೊಡ್ಡವರಿಗೆ 3 ಗ್ರಾಂ ಸಾಕು. ಸಾರಿನಲ್ಲಿ ಕುದಿಸಿದರೆ ನೀಲಿ ಹೋಗುತ್ತದೆ. ತಂಬುಳಿಗೆ, ಎಳನೀರಿಗೆ ಕೊನೆಗೆ ಕದಡುವುದೇ ಸರಿ.

ಫಿನೈಲ್‌ಕೀಟೋನೂರಿಯಾ (ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಹುಟ್ಟು ಕಾಯಿಲೆ) ಇರುವವರಿಗೆ ಇದು ಆಗದು. ರುಮಟಾಯ್ಡ್ ಸಂಧಿವಾತದಂಥ ಆಟೋಇಮ್ಯೂನ್ ಕಾಯಿಲೆ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿ ಬೀಳುವುದು) ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ತಿನ್ನಬಾರದು. ನೆರೆಮನೆಗೆ ದುಡ್ಡಿಗೆ ಕೊಡಲು ಹೊರಟರೂ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು.

## ಹಂತ 10: ಮಳೆಗೆ ಮುಂಚೆ

ಮೇ ಕೊನೆಗೆ ತೊಟ್ಟಿ ಖಾಲಿ ಮಾಡಿ. ಎರಡು ಗಾಜಿನ ಭರಣಿಗಳಲ್ಲಿ ಐದೈದು ಲೀಟರ್ ಕಲ್ಚರ್ ಉಳಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಟ್ಯೂಬ್‌ಲೈಟಿನ ಹತ್ತಿರ ಇಡಿ. ದಿನಕ್ಕೆ ಎರಡು ಸಲ ಅಲುಗಾಡಿಸಿ, ತಿಂಗಳಿಗೊಮ್ಮೆ ಅರ್ಧ ತೆಗೆದು ಹೊಸ ದ್ರಾವಣ ತುಂಬಿ. ಎರಡನ್ನೂ ಒಂದೇ ಕೋಣೆಯಲ್ಲಿ ಇಡದಿದ್ದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ.

ತೊಟ್ಟಿಯ ಹಳೆ ನೀರನ್ನು "ಗೊಬ್ಬರ ಅಲ್ವಾ" ಅಂತ ಅಡಿಕೆ ಬುಡಕ್ಕೆ ಬಿಡಬೇಡಿ. ಅದರಲ್ಲಿ ಸೋಡಿಯಂ ತುಂಬ ಇದೆ, ಬೇರಿಗೂ ಮಣ್ಣಿಗೂ ಆಗುವುದಿಲ್ಲ. ಬಾವಿ, ಸುರಂಗದಿಂದ ದೂರ, ಬೆಳೆ ಇಲ್ಲದ ಜಾಗಕ್ಕೆ, ಜೋರು ಮಳೆ ಹಿಡಿದ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿ.